ಸಿಟ್ಟು ಬಾರದ ಮೊಮ್ಮಗಳಿಗೆ ನಾನು ಮಾಡಿದ ಉಪಕಾರ

ಮುರಿದ ಸಂಬಂಧ ಸರಿಪಡಿಸುವುದು ನನಗೆ ಹೊಸದಲ್ಲ. ಮೂವತ್ತೈದು ವರ್ಷ ಮುಂಬಯಿಯ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದೆ. ಭಟ್ಟರಿಗೂ ಸಪ್ಲಾಯರ್‌ಗೂ ಜಗಳವಾದರೆ ಇಬ್ಬರನ್ನೂ ಎದುರುಬದುರು ಕೂರಿಸಿ, ಒಂದೊಂದು ಪ್ಲೇಟ್ ಶೀರಾ ಕೊಟ್ಟು, ಹತ್ತು ನಿಮಿಷದಲ್ಲಿ ರಾಜಿ ಮಾಡಿಸುತ್ತಿದ್ದೆ. ಓದಿದ್ದು ಹೈಸ್ಕೂಲಾದರೂ ಮನುಷ್ಯರನ್ನು ಓದಲು ಬರುತ್ತದೆ ಎಂಬ ಧೈರ್ಯ. ಆ ಧೈರ್ಯ ಏನು ಮಾಡಿತು ಎಂಬುದನ್ನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೇನೆ.

ಮಗಳ ಮಗಳು ನಿಧಿ ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲೇ ಇರುತ್ತಾಳೆ. ತಾನೇ ಹಾಡು ಬರೆದು, ತಾನೇ ಹಾಡಿ, ಕಂಪ್ಯೂಟರಿನಿಂದ ಢಂ ಢಂ ಎಂದು ತಾಳ ಹೊರಡಿಸುವುದು ಅವಳ ಕಸುಬು. ಕಾಂದಿವಲಿಯ ಪ್ರಜ್ವಲ್ ಎಂಬ ಹುಡುಗ ಎರಡು ವರ್ಷ ಜೊತೆಗೆ ಸುತ್ತಿ, ಒಂದು ದಿನ ಮೊಬೈಲಿನಲ್ಲಿ ಎರಡು ಸಾಲು ಬರೆದು ಕೈಬಿಟ್ಟ. ನಿಧಿ ಒಂದು ವಾರ ಅತ್ತಳು. ಆಮೇಲೆ ನನ್ನ ಬಟ್ಟೆಯ ಕಪಾಟು ಖಾಲಿ ಮಾಡಿ, ಹೊರಗಿನ ಸದ್ದು ತಡೆಯಲು ಒಳಗೆ ರಜಾಯಿ ತೂಗುಹಾಕಿ, ಮೈಕ್ ಹಿಡಿದು ಹೊಕ್ಕಳು. ನನ್ನ ಪಂಚೆಗಳು ಬಾಲ್ಕನಿ ಸೇರಿದವು. ದುಃಖವನ್ನೆಲ್ಲ ಆಲ್ಬಮ್ ಮಾಡುತ್ತಾಳಂತೆ!

ಒಂಬತ್ತು ಹಾಡು ಮುಗಿದವು. ಹತ್ತನೆಯದು ಸಿಟ್ಟಿನ ಹಾಡು. ಭಾನುವಾರ ಸಂಜೆಯೊಳಗೆ ಅದನ್ನು ಕಳಿಸದಿದ್ದರೆ ಆಲ್ಬಮ್ ಹೊರತರುವವರು ಬೇರೆ ಯಾರನ್ನೋ ಹಿಡಿಯುತ್ತಾರೆ.

"ಅವನ ಮೇಲೆ ಗುಸ್ಸಾನೇ ಬರ್ತಾ ಇಲ್ಲ ಅಜ್ಜಾ," ಎಂದಳು. "ಹಾಡಿದ್ರೆ ಮಗು ಮಲಗಿಸೋ ಥರ ಕೇಳ್ತದೆ. ಕ್ಯಾ ಕರೂಂ?"

ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ: ಸಿಟ್ಟು ಬರುವುದಿಲ್ಲ ಎಂದರೆ ಪ್ರೀತಿ ಉಳಿದಿದೆ!

ಹೆಂಡತಿ ಸುಮತಿಗೆ ಹೇಳಿದೆ. "ನಿಮಗೆ ತಲೆ ಸಮ ಉಂಟಾ?" ಎಂದಳು. "ಅವಳಿಗೆ ಬೇಕಾದದ್ದು ಹಾಡು ಮಾರಾಯ್ರೆ, ಹುಡುಗ ಅಲ್ಲ. ಸುಮ್ಮನೆ ಕೂತ್ಕೊಳ್ಳಿ."

ಕೂರಲಿಲ್ಲ.

ಗುರುವಾರ ಕಾಂದಿವಲಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಹರಿವಾಣವೊಂದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಜೋಡಿಸಿ ಪ್ರಜ್ವಲನ ತಾಯಿಯ ಮುಂದಿಟ್ಟೆ. ಅವರೂ ನಮ್ಮ ಉಡುಪಿ ಕಡೆಯವರೇ.

"ಮಕ್ಕಳ ವಿಷಯ ಒಂದು ಸಮ ಮಾಡುವ," ಎಂದೆ.

ಆಕೆ ಹರಿವಾಣ ನೋಡಿದರು, ನನ್ನನ್ನು ನೋಡಿದರು. "ಹೆಣ್ಣಿನ ಕಡೆಯವರೇ ಇಷ್ಟು ಕ್ರಮದಲ್ಲಿ ಬಂದ ಮೇಲೆ ಬೇಡ ಹೇಳುದು ಹೇಗೆ? ಭಾನುವಾರ ಬರ್ತೇವೆ."

ಎಂಥ ಸಜ್ಜನರು! ಕಾಫಿ ಕುಡಿದು, ದಿಗ್ವಿಜಯ ಮುಗಿಸಿದವನಂತೆ ಹಿಂದಿರುಗಿದೆ. ಹರಿವಾಣದಲ್ಲಿ ಕಾಯಿ, ಎಲೆಯಡಿಕೆ ಹಿಡಿದು ಹಿರಿಯನೊಬ್ಬ ಗಂಡಿನ ಮನೆಗೆ ಹೋದರೆ ಅದು ಮದುವೆಯ ಪ್ರಸ್ತಾಪ! ಊರಿನ ಎಷ್ಟೋ ಸಂಬಂಧಗಳಿಗೆ ಹೀಗೆ ಓಡಾಡಿದವನಿಗೆ ಇದು ನೆನಪಾದದ್ದು ಭಾನುವಾರ, ರೇಷ್ಮೆ ಸೀರೆ ಸಮೇತ ಎಂಟು ಮಂದಿ ಬಾಗಿಲಲ್ಲಿ ನಿಂತಾಗ.

ನಿಧಿ ಕಪಾಟಿನೊಳಗಿದ್ದಳು, ಕಿವಿಗೆ ಹೆಡ್‌ಫೋನ್. ಸದ್ದಾಗಬಾರದೆಂದು ಫ್ಯಾನ್ ಬಂದ್, ಮಿಕ್ಸರ್ ಬಂದ್, ಸುಮತಿಯ ಮಾತೂ ಬಂದ್. ಅವಳು ಕಣ್ಣಲ್ಲೇ ನನ್ನನ್ನು ಸುಟ್ಟಳು.

"ಶ್ಶ್! ಹುಡುಗಿ ಹಾಡ್ತಾ ಇದ್ದಾಳೆ," ಎಂದು ಬಂದವರನ್ನು ಕೂರಿಸಿದೆ.

"ದೇವರ ಹಾಡಾ?" ಎಂದು ಪ್ರಜ್ವಲನ ತಾಯಿ ಪಿಸುಗುಟ್ಟಿದರು.

ಕಪಾಟು ಉತ್ತರಿಸಿತು: "ಮಮ್ಮಿ ಸೇ ಪೂಛ್ ಕೇ ಪ್ಯಾರ್ ಕಿಯಾ, ಮಮ್ಮಿ ಸೇ ಪೂಛ್ ಕೇ ಛೋಡ್ ದಿಯಾ..."

ಅಮ್ಮನನ್ನು ಕೇಳಿ ಪ್ರೀತಿಸಿದ, ಅಮ್ಮನನ್ನು ಕೇಳಿಯೇ ಬಿಟ್ಟ! ಅದೂ ಜೋಗುಳದಷ್ಟು ಮೆಲ್ಲಗೆ, ಒಂದಕ್ಷರವೂ ತಪ್ಪದಂತೆ ಕೇಳಿಸುತ್ತಿತ್ತು.

"ಇದು ಯಾರ ವಿಷಯ?" ಎಂದರು ತಾಯಿ.

"ಯಾರೋ ಬೇರೆ ಹುಡುಗ," ಎಂದೆ.

ಮುಂದಿನ ಸಾಲಿನಲ್ಲಿ ಕಾಂದಿವಲಿ ಸ್ಟೇಷನ್ ಬಂತು.

"ಕಾಂದಿವಲಿಯಲ್ಲಿ ಹುಡುಗರಿಗೆ ಬರವಾ?" ಎಂದೆ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಪ್ರಜ್ವಲ್ ಮಾತ್ರ ಕಾಲಲ್ಲಿ ತಾಳ ಹಾಕುತ್ತಿದ್ದ. ತಾಯಿ ಅವನ ತೊಡೆಗೆ ಚಟೀರೆಂದು ಕೊಟ್ಟರು.

"ಮನೆಗೆ ಕರೆದು ಮರ್ಯಾದೆ ತೆಗಿತೀರಾ? ಕಾಯಿ ತಂದು ಹೆಣ್ಣು ಕೊಡ್ತೇವೆ ಹೇಳಿದ್ದು ನೀವಲ್ವಾ?"

ಆ ಕೂಗಿಗೆ ಕಪಾಟು ತೆರೆಯಿತು. ನಿಧಿಯ ನೋಟ ಒಬ್ಬೊಬ್ಬರನ್ನೇ ಹಾದು ಕೊನೆಗೆ ನನ್ನ ಮೇಲೆ ನಿಂತಿತು.

"ಅಜ್ಜಾ, ನನ್ನ ರಿಶ್ತಾ ತಗೊಂಡು ನೀನು ಇವನ ಮನೆಗೆ ಹೋದದ್ದಾ?"

"ಇಲ್ಲ ಮಗಾ, ಬರೀ ಕಾಯಿ..."

ಅವಳ ಮುಖ ಕೆಂಪಾಯಿತು, ಮೂಗು ಕೆಂಪಾಯಿತು. ಕಪಾಟಿನೊಳಗೆ ನುಗ್ಗಿ ಬಾಗಿಲೆಳೆದುಕೊಂಡಳು.

ಮರುಕ್ಷಣ ಅದೇ ಹಾಡು, ಆದರೆ ಜೋಗುಳವಲ್ಲ! ಕಿಟಕಿಯ ಪಾರಿವಾಳಗಳು ಹಾರಿದವು. ಎರಡು ಮಹಡಿ ಕೆಳಗಿನವರು ಬಾಗಿಲು ತೆರೆದರು. ಒಂದೇ ಉಸಿರಿಗೆ ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಬೀಗರಾಗಬೇಕಿದ್ದವರು ನಡುವೆಯೇ ಎದ್ದರು. "ವಾಟ್ ಎ ಟೇಕ್, ಅಜ್ಜಾ!" ಎಂದು ಹೆಬ್ಬೆರಳೆತ್ತಿದ ಪ್ರಜ್ವಲನನ್ನು ತಾಯಿ ಕಾಲರ್ ಹಿಡಿದು ಎಳೆದೊಯ್ದರು.

ಹಾಡು ನಾಲ್ಕು ಗಂಟೆಗೇ ಆಲ್ಬಮ್‌ನವರಿಗೆ ಹೋಯಿತು. ನಿಧಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾನು ಸಾರಿ ಕೇಳಿದೆ. ತಲೆ ಮೇಲೊಂದು ಮೊಟಕಿ, ಪಕ್ಕದಲ್ಲಿ ಕೂತು ನನ್ನ ಚಹಾದಲ್ಲಿ ಅರ್ಧ ಕುಡಿದಳು. ಅಷ್ಟಕ್ಕೇ ನನ್ನ ಹೊಟ್ಟೆ ತಂಪಾಯಿತು.

ಈಗ ಆಲ್ಬಮ್ ಹೊರಬಂದಿದೆ. ಹೆಚ್ಚು ಜನ ಕೇಳುವುದು ಹತ್ತನೆಯ ಹಾಡನ್ನೇ. ಇಷ್ಟು ಸಿಟ್ಟು ಬರಿಸಿದ ಆ ಹುಡುಗ ಯಾರೆಂದು ಕೇಳಿ ಕೇಳಿ ಬರೆಯುತ್ತಾರಂತೆ. ನಿಧಿ ಹೆಸರು ಬಿಟ್ಟುಕೊಡುವುದಿಲ್ಲ. ಬಿಲ್ಡಿಂಗಿನ ಹೆಂಗಸರು ಕೇಳಿದರೆ ಮಾತ್ರ ಸುಮತಿ ಹೇಳಿಬಿಡುತ್ತಾಳೆ:

"ಆ ಹುಡುಗನಿಗೆ ಎಪ್ಪತ್ತೆರಡು. ಹಲ್ಲು ಕಟ್ಟಿಸಿದ್ದು."