ಜೋಡಿ ನವಿಲಿನ ಚೀಲ

ರಾಜೇಂದ್ರನ ಮಾನ ಹೋದದ್ದು ಅತ್ತೆ ಕಟ್ಟಿಕೊಟ್ಟ ಒಂದು ಚೀಲದಿಂದ. ಅದೂ ಅವನ ಅಂಗಡಿಯಿಂದಲೇ ಹೋಗಿದ್ದ ಚೀಲ ಎಂಬುದು ಇನ್ನೂ ಬೇಜಾರಿನ ವಿಷಯ.

ಮಳವಳ್ಳಿಯಲ್ಲಿ ಅವನದು ಗೊಬ್ಬರದ ಅಂಗಡಿ. ಆ ವರ್ಷ ಹೆಚ್ಚು ಗೊಬ್ಬರ ಮಾರಿದವರನ್ನೆಲ್ಲ ಕಂಪನಿಯವರು ಹೆಂಡತಿ ಸಮೇತ ಕೊಚ್ಚಿಯಿಂದ ಹಡಗು ಹತ್ತಿಸಿ ಸಮುದ್ರ ತೋರಿಸುವವರಿದ್ದರು. ಗೊಬ್ಬರ ಕಂಪನಿಗಳು ಅಂಗಡಿಯವರನ್ನು ಹೀಗೆ ತಿರುಗಾಡಿಸುವುದು ಹೊಸದೇನಲ್ಲ. ಆದರೆ ಈ ಸಲ ಇನ್ನೊಂದು ಮಾತಿತ್ತು. ಮಳವಳ್ಳಿ, ಮದ್ದೂರು ಎರಡೂ ತಾಲ್ಲೂಕಿಗೆ ಸೇರಿ ಒಬ್ಬರಿಗೇ ಏಜೆನ್ಸಿ ಕೊಡುವುದೆಂದೂ, ಯಾರಿಗೆಂಬುದನ್ನು ಮ್ಯಾನೇಜರ್ ಸ್ವರೂಪ್ ಹಡಗು ಹತ್ತುವಾಗ ಎಲ್ಲರೆದುರು ಹೇಳುವರೆಂದೂ ತೀರ್ಮಾನವಾಗಿತ್ತು. ಕೊನೆಗೆ ಉಳಿದಿದ್ದವರು ಇಬ್ಬರೇ, ರಾಜೇಂದ್ರ ಮತ್ತು ಚಿಕ್ಕರಸಿನಕೆರೆಯ ಹೊನ್ನಯ್ಯ.

ರಾಜೇಂದ್ರ ಮಂಡ್ಯಕ್ಕೆ ಹೋಗಿ ಗಾಲಿಯ ಸೂಟ್‌ಕೇಸು ತಂದ. ಕಪ್ಪು ಕನ್ನಡಕ ತಂದ. ದೊಡ್ಡ ಏಜೆನ್ಸಿಯವನು ಹೇಗೆ ನಡೆಯಬೇಕೋ ಹಾಗೆ ನಡುಮನೆಯಲ್ಲಿ ಸೂಟ್‌ಕೇಸು ಎಳೆದುಕೊಂಡು ಅಭ್ಯಾಸವನ್ನೂ ಮಾಡಿದ. ಎಲ್ಲ ಸರಿಯಾಗಿದೆ ಅನ್ನುವಾಗ ಪೂರಿಗಾಲಿಯಿಂದ ಅತ್ತೆ ಸಣ್ಣತಾಯಮ್ಮ ಬಸ್ಸಿಳಿದು ಬಂದಳು. ಬಗಲಲ್ಲಿ ಚೀಲ. ಅದರೊಳಗೆ ರಾಗಿಹಿಟ್ಟು, ಉಪ್ಸಾರಿನ ಖಾರ, ಒಣಗಿದ ಅವರೆಕಾಳು. ಬಾಯಿಂದ ಹೊರಕ್ಕೆ ಇಣುಕುತ್ತಿದ್ದದ್ದು ಮುದ್ದೆ ತಿರುವುವ ಕೋಲು.

“ಅಡಗ್ನಲ್ಲಿ ಬರೀ ಬಿರೆಡ್ಡು ಕೊಡ್ತಾರಂತೆ ಕಣಪ್ಪ. ಅಡ್ಗೆಯವ್ರಿಗೆ ಯೋಳಿದ್ರೆ ಒಂದ್ ಇಟ್ಟು ತಿರುವ್ಕೊಡಾಕಿಲ್ವಾ? ಕೋಲೂ ಮಡಗಿವ್ನಿ” ಎಂದಳು ಸಣ್ಣತಾಯಮ್ಮ.

ರಾಜೇಂದ್ರನ ಕಣ್ಣು ಮಾತ್ರ ಚೀಲದ ಮೇಲಿನ ಚಿತ್ರದ ಮೇಲಿತ್ತು. ಬಣ್ಣ ಮಾಸದ ಎರಡು ನವಿಲುಗಳು. ಅವನ ಕಂಪನಿಯ ಹಗೆಯಾದ ಇನ್ನೊಂದು ಗೊಬ್ಬರದ ಕಂಪನಿಯ ಗುರುತು ಅದು. ಹಿಂದೊಮ್ಮೆ ಕಮಿಷನ್ನಿನ ಆಸೆಗೆ ತಾನೇ ತರಿಸಿ, ಒಳ್ಳೆ ಮಾಲು ಎಂದು ಅತ್ತೆಯ ಗದ್ದೆಗೆ ಕಳಿಸಿದ್ದ. ಅತ್ತೆ ಚೀಲವನ್ನು ಒಗೆದು, ಒಣಗಿಸಿ, ಇಂಥ ಒಳ್ಳೆ ಕೆಲಸಕ್ಕೆಂದೇ ಎತ್ತಿಟ್ಟಿದ್ದಳು. ಒಳಮೈ ಹೊರಗೆ ಮಾಡಿ ನೋಡಿದರೆ ಅಲ್ಲಿಂದಲೂ ನವಿಲುಗಳು ಕಾಣುತ್ತಿದ್ದವು. ಬೇಡವೆಂದು ಹೇಳಲು ಬಾಯಿ ತೆರೆದ. ಹೆಂಡತಿ ಮೋಹಿನಿ ಅವನ ಮುಖ ನೋಡಿದಳು. ಬಾಯಿ ಮುಚ್ಚಿದ.

ಮಂಡ್ಯದಲ್ಲಿ ರೈಲು ಹತ್ತಿದಾಗಲೇ ಅವನೊಂದು ತೀರ್ಮಾನಕ್ಕೆ ಬಂದಿದ್ದ: ಈ ಚೀಲ ಮ್ಯಾನೇಜರ ಕಣ್ಣಿಗೆ ಬೀಳಕೂಡದು. ಸದ್ಯಕ್ಕೆ ಅದಕ್ಕೆ ತನ್ನ ಟವೆಲ್ಲು ಸುತ್ತಿದ. ಮದ್ದೂರಿನಲ್ಲಿ ಹೊನ್ನಯ್ಯ ಹತ್ತಿ ಎದುರಿಗೇ ಕುಳಿತ. ಟವೆಲ್ಲಿನಿಂದ ಹೊರಗೆ ಚಾಚಿದ್ದ ಕೋಲನ್ನು ನೋಡಿ ಏನೋ ಕೇಳಬೇಕೆಂದಿದ್ದವನು, ರಾಜೇಂದ್ರ ಕಿಟಕಿಯತ್ತ ಮುಖ ತಿರುಗಿಸಿದ್ದರಿಂದ ಸುಮ್ಮನಾದ. ಈ ರೈಲಿನಲ್ಲಿ ಕಳ್ಳರ ಕಾಟ ಹೆಚ್ಚೆಂದು ಪಕ್ಕದವರು ಹೇಳಿದ್ದೇ ತಡ, ಮೋಹಿನಿ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದಳು. ತಾಯಿ ಕೊಟ್ಟದ್ದರ ಮೇಲೆ ಹೆಣ್ಣುಮಕ್ಕಳಿಗೆ ಎಷ್ಟು ಮೋಹವಪ್ಪಾ ಎಂದು ರಾಜೇಂದ್ರ ಮನಸ್ಸಿನಲ್ಲೇ ಬೈದುಕೊಂಡ.

ಎರ್ನಾಕುಲಂನಲ್ಲಿ ಮೋಹಿನಿಯನ್ನು ಮುಂದೆ ಇಳಿಸಿ, ಸೂಟ್‌ಕೇಸು ತಾನು ಹಿಡಿದು, ಚೀಲವನ್ನು ಸೀಟಿನ ಕೆಳಗೇ ಮರೆತ. ಮರೆಯುವುದನ್ನು ಅವನು ರಾತ್ರಿಯೇ ಯೋಚಿಸಿಟ್ಟಿದ್ದ. ಹತ್ತು ಹೆಜ್ಜೆ ಹೋಗುವುದರಲ್ಲಿ ಕಿಟಕಿಯಿಂದ ಒಬ್ಬ ಮುದುಕ ಕೂಗಿ ಕೂಗಿ, ಕೊನೆಗೆ ತಾನೇ ಇಳಿದು ಚೀಲ ತಂದು ಅವನ ಕೈಗಿತ್ತು, ಬೆನ್ನು ತಟ್ಟಿ, ಚಲಿಸುತ್ತಿದ್ದ ರೈಲು ಹತ್ತಿಕೊಂಡ. ಈ ವಯಸ್ಸಿನಲ್ಲೂ ಎಂಥ ಒಳ್ಳೆ ಮನುಷ್ಯ ಎಂದಳು ಮೋಹಿನಿ. ರಾಜೇಂದ್ರ ಹಲ್ಲು ಕಚ್ಚಿಕೊಂಡು ಹೌದೆಂದ.

ಹಡಗು ಹತ್ತುವುದು ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯವರೆಗೆ ಸಾಮಾನು ಹೊತ್ತು ಊರು ತಿರುಗುವುದೊಂದೇ ದಾರಿ. ಸ್ಟೇಷನ್ನಿನಲ್ಲಿ ಸಾಮಾನು ಇಟ್ಟುಕೊಳ್ಳುವ ಕೋಣೆ ಇದೆಯೆಂದು ತಿಳಿದಾಗ ಅವನಿಗೆ ಜೀವ ಬಂತು. ಚೀಲ ಇಡೋಣ, ಸೂಟ್‌ಕೇಸು ಜೊತೆಗಿರಲಿ ಎಂದ. ಅಲ್ಲಿದ್ದವನು ಚೀಲವನ್ನು ಆಚೆ ಈಚೆ ತಿರುಗಿಸಿ, ಬೀಗ ಹಾಕದ ಸಾಮಾನು ಇಟ್ಟುಕೊಳ್ಳುವುದಿಲ್ಲವೆಂದು ಕೈಯಾಡಿಸಿದ. ಸೆಣಬಿನ ದಾರದಲ್ಲಿ ಕಟ್ಟಿದ ಗೊಬ್ಬರದ ಚೀಲಕ್ಕೆ ಎಲ್ಲಿಂದ ಬೀಗ ಹಾಕುವುದು?

ಹಿಂದಿನವರು ದಬ್ಬಾಡುತ್ತಿದ್ದರು. ಆ ನೂಕಾಟದಲ್ಲಿ ಟವೆಲ್ಲು ಎಲ್ಲಿ ಬಿತ್ತೋ ಏನೋ. ನವಿಲುಗಳೆರಡೂ ಕತ್ತು ಚಾಚಿಕೊಂಡು ಕೊಚ್ಚಿ ನೋಡುತ್ತ ಹೊರಟವು.

ಆಟೊದಲ್ಲಿ ಫೋರ್ಟ್ ಕೊಚ್ಚಿಯ ಕಡಲದಂಡೆಗೆ ಹೋದರು. ಇಳಿಯುವಾಗ ರಾಜೇಂದ್ರ ಮತ್ತೆ ಮರೆತ. ಈ ಸಲ ಮೋಹಿನಿಯೂ ಸಮುದ್ರ ನೋಡುವ ಭರದಲ್ಲಿ ಹಿಂತಿರುಗಲಿಲ್ಲ. ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು ಅವನು ಈ ಭೂಮಿಯ ಮೇಲೆ ಅತ್ಯಂತ ಸುಖಿಯಾದ ಗೊಬ್ಬರದ ವ್ಯಾಪಾರಿಯಾಗಿದ್ದ. ಚಹಾ ಮುಗಿಯುವುದರೊಳಗೆ ಅದೇ ಆಟೊ ಹಾರನ್ನು ಹೊಡೆಯುತ್ತ ಬಂತು. ಎಷ್ಟೋ ಬೀದಿ ಹುಡುಕಿದೆನೆಂದು ಡ್ರೈವರು ಬೆವರು ಒರೆಸಿಕೊಂಡ. ಎರಡು ಕಾಸು ಹೆಚ್ಚಿಗೆ ಕೊಡಹೋದರೆ ಬೇಡವೆಂದು ಎದೆಯ ಮೇಲೆ ಕೈಯಿಟ್ಟ. ಇಡೀ ಊರಿನಲ್ಲಿ ಒಬ್ಬನಾದರೂ ಕಳ್ಳ ಇರಬಾರದೇ ಎಂದು ರಾಜೇಂದ್ರನಿಗೆ ಅಳುವೇ ಬಂತು.

“ಏನ್ರೀ, ಯೇನಾಗದೆ ನಿಮ್ಗೆ ಇವತ್ತು?” ಎಂದಳು ಮೋಹಿನಿ. “ಸೂಟ್‌ಕೇಸು ಓದ್ರೆ ಓಗ್ಲಿ, ಈ ಚೀಲ ಮಾತ್ರ ಉಸಾರು ಕಣ್ರೀ.”

ಅಷ್ಟರಲ್ಲಿ ಕಂಪನಿಯ ಉಳಿದವರೂ ದಂಡೆಗೆ ಬರತೊಡಗಿದರು. ಎಲ್ಲರೂ ಅಲ್ಲಿ ಸೇರಿ, ಕಂಪನಿಯ ಬಸ್ಸಿನಲ್ಲಿ ಬಂದರಿಗೆ ಹೋಗುವ ಏರ್ಪಾಡು. ಹೊನ್ನಯ್ಯನ ಹೆಂಡತಿ ಮೋಹಿನಿಯನ್ನು ಲವಂಗ, ಏಲಕ್ಕಿ ಕೊಳ್ಳಲು ಕರೆದುಕೊಂಡು ಹೋದಳು. ಹೋಗುವಾಗಲೂ ಮೋಹಿನಿ ಚೀಲದ ಕಡೆ ಬೆರಳು ತೋರಿಸಿಯೇ ಹೋದಳು. ಅವಳು ಮರೆಯಾದದ್ದೇ ತಡ, ರಾಜೇಂದ್ರ ಚೀಲವನ್ನು ಒಂದು ದೊಡ್ಡ ಮರದ ಬುಡದ ಬೆಂಚಿನ ಮೇಲೆ ಕೂರಿಸಿ, ಸೂಟ್‌ಕೇಸು ಎಳೆದುಕೊಂಡು ಬಸ್ಸಿನ ಹತ್ತಿರ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಸಮುದ್ರದ ಕಡೆಗೆ ತಿರುಗಿ ನಿಂತ.

ವಾರಸುದಾರರಿಲ್ಲದ ಚೀಲ, ಅದರಿಂದ ಹೊರಗೆ ಚಾಚಿದ ಒಂದು ದೊಣ್ಣೆ, ಮೇಲೆ ಯಾರಿಗೂ ಓದಲು ಬಾರದ ಅಕ್ಷರ. ಮೊದಲು ಕಡಲೆಕಾಯಿ ಮಾರುವವನು ದೂರ ಸರಿದ. ಆಮೇಲೆ ಜನ ಸೇರಿದರು. ಆಮೇಲೆ ಪೊಲೀಸ್ ಜೀಪು ಬಂತು, ಹಗ್ಗ ಕಟ್ಟಿದರು. ಅಕ್ಷರ ಕನ್ನಡದ್ದೆಂದು ಯಾರೋ ಹೇಳಿದ್ದರಿಂದ, ಕರ್ನಾಟಕದ ಬಸ್ಸು ನೋಡಿ ಇನ್ಸ್‌ಪೆಕ್ಟರು ನೇರ ಸ್ವರೂಪ್ ಹತ್ತಿರ ಬಂದರು. ಸ್ವರೂಪ್ ಹೋಗಿ ನೋಡಿ, ಮುಖ ಗಂಟಿಕ್ಕಿ ಹಿಂತಿರುಗಿದರು.

“ಜೋಡಿ ನವಿಲಿನ ಚೀಲ. ನಮ್ಮಲ್ಲಿ ಯಾರದ್ದಾದ್ರೂ ಇದೆಯಾ?”

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ರಾಜೇಂದ್ರನೂ ಅಷ್ಟೇ ಮಾಡಿದ್ದರೆ ಸಾಕಿತ್ತು. ಆದರೆ ಹೆದರಿದವನ ನಾಲಗೆ ನಿಲ್ಲುವುದಿಲ್ಲ. ಅವನು ಮುಂದೆ ಬಂದು, “ನಮ್ ಕಂಪ್ನಿ ಅನ್ನ ತಿಂದು ಆ ಚೀಲ ಯಾರ್ ಮುಟ್ತಾರೆ ಸಾ? ಅದ್ನ ನೋಡುದ್ರೇ ನಂಗೆ ವಾಕ್ರಿಕೆ” ಎಂದುಬಿಟ್ಟ.

ಸ್ವರೂಪ್ ಅವನ ಹೆಗಲ ಮೇಲೆ ಕೈಯಿಟ್ಟರು. ಅದು ಏಜೆನ್ಸಿಯೇ ಹೆಗಲ ಮೇಲೆ ಬಂದು ಕೂತ ಹಾಗಿತ್ತು. ಹೊನ್ನಯ್ಯ ಮಾತ್ರ ಪಕ್ಕಕ್ಕೆ ಬಂದು ಮೆಲ್ಲಗೆ, “ಆ ಕೋಲ ಎಲ್ಲೋ ನೋಡ್ದಂಗದೆ ಕಣ್ಲಾ” ಎಂದ. ಮುದ್ದೆ ಕೋಲು ಎಲ್ಲ ಕಡೆಯೂ ಒಂದೇ ತರ ಇರ್ತವೆ ಬುಡು ಎಂದು ರಾಜೇಂದ್ರ ಕನ್ನಡಕ ಸರಿಮಾಡಿಕೊಂಡ. ಪೊಲೀಸರು ಚೀಲವನ್ನು ಉದ್ದದ ಗಳುವಿನಲ್ಲಿ ಎತ್ತಿ ಜೀಪಿಗೆ ಹಾಕಿಕೊಂಡು ಹೋದರು. ಬಿಸಿಲಿನಲ್ಲಿ ರಾಗಿ ಒಣಗಿಸಿ, ಬೀಸಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ ಮುದುಕಿ ರಾಜೇಂದ್ರನ ಕಣ್ಣ ಮುಂದೆ ಸುಳಿದಳು. ಏಜೆನ್ಸಿ ಬಂದ ಮೇಲೆ ಅವಳಿಗೆ ಒಂದು ಒಳ್ಳೆ ಸೀರೆ ಕೊಡಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಮೋಹಿನಿ ಬಂದು ಚೀಲವೆಲ್ಲಿ ಎಂದಳು. ಹೊರಲಾರದೆ ಕಂಪನಿಯ ಸಾಮಾನಿನ ವ್ಯಾನಿಗೆ ಹಾಕಿಸಿದೆ, ಬಂದರಿನಲ್ಲಿ ಸಿಗುತ್ತದೆ ಎಂದ. ಅವಳು ನಂಬಿದಳು. ಗಂಡ ಈ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದನಲ್ಲ ಎಂದು ಅವಳಿಗೆ ಖುಷಿಯೂ ಆಯಿತು.

ಬಂದರಿನ ಬಾಗಿಲಲ್ಲಿ ಹಾರ, ಫೋಟೊದವನು, ಆಚೆಗೆ ಬೆಳ್ಳಗೆ ಬೆಟ್ಟದಂಥ ಹಡಗು. ಒಬ್ಬೊಬ್ಬರೂ ಆಧಾರ್ ಕಾರ್ಡು, ಟಿಕೆಟ್ಟು ತೋರಿಸಿ ಒಳಗೆ ಹೋಗುತ್ತಿದ್ದರು. ರಾಜೇಂದ್ರನ ಸರದಿ ಬಂದಾಗ ಅವನು ಸೂಟ್‌ಕೇಸನ್ನು ಆಳಿನಂತೆ ಪಕ್ಕಕ್ಕೆ ನಿಲ್ಲಿಸಿ, ಹೆಂಡತಿಯ ಕಡೆ ಕೈಚಾಚಿದ.

“ವ್ಯಾನ್ ಎಲ್ರೀ?” ಎಂದಳು ಮೋಹಿನಿ.

“ವ್ಯಾನ್ ಯಾಕೆ? ಕಾರ್ಡು ಕೊಡು.”

“ಕಾರ್ಡು, ಟಿಕೀಟು ಎಲ್ಲಾ ಇಟ್ಟಿನೊಳ್ಗೆ ಹೂತಿವ್ನಿ. ರೈಲಲ್ಲಿ ಕಳ್ರು ಅಂದ್ರಲ್ಲ. ನಮ್ಮವ್ವ ಓಲೆ, ಸರ ಎಲ್ಲಾ ರಾಗಿಹಿಟ್ಟಿನ ಡಬ್ಬದಲ್ಲೇ ಮಡಗದು. ಸೂಟ್‌ಕೇಸ್ ಕದೀತಾರೆ, ಗೊಬ್ಬರದ್ ಚೀಲ ಯಾರ್ರೀ ಕದೀತಾರೆ?”

ರಾಜೇಂದ್ರನ ಕಾಲಿನ ಕೆಳಗೆ ಕೊಚ್ಚಿ ಕುಸಿಯಿತು. ಚೀಲ ಪೊಲೀಸರ ಹತ್ತಿರ ಇದೆ ಎನ್ನಬೇಕು. ಅನ್ನಬೇಕಾದರೆ ಅದು ತನ್ನದು ಎನ್ನಬೇಕು. ಸ್ವರೂಪ್ ಎರಡು ಮಾರು ದೂರದಲ್ಲಿ ನಿಂತು, ಯಾಕೆ ತಡ ಎಂದು ಕೇಳುತ್ತಿದ್ದರು. ಹಡಗು ಹೋದರೂ ಹೋಗಲಿ, ಬಾಯಿ ಬಿಡುವುದಿಲ್ಲ ಎಂದು ಅವನು ನಿರ್ಧರಿಸುತ್ತಿರುವಾಗ ಹಿಂದೆ ಒಂದು ಜೀಪು ಬಂದು ನಿಂತಿತು.

ಒಳ್ಳೆಯ ಜನರ ಊರಲ್ಲವೇ. ಹಿಟ್ಟು ಜರಡಿ ಹಿಡಿದ ಪೊಲೀಸರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾರ್ಡೂ ಹಡಗಿನ ಟಿಕೆಟ್ಟೂ ಸಿಕ್ಕಿದ್ದವು. ಪಾಪ, ಪ್ರಯಾಣ ತಪ್ಪೀತು ಎಂದು ಓಡೋಡಿ ಬಂದಿದ್ದರು. ಇನ್ಸ್‌ಪೆಕ್ಟರು ಕಾರ್ಡಿನ ಹಿಟ್ಟು ಊದಿ, ಫೋಟೊವನ್ನೂ ರಾಜೇಂದ್ರನ ಮುಖವನ್ನೂ ಹೋಲಿಸಿ ನೋಡಿ, ಜೋಡಿ ನವಿಲಿನ ಚೀಲವನ್ನು ಅವನ ತೋಳಿನಲ್ಲಿ ಮಗುವಿನಂತೆ ಇಟ್ಟರು. ಮೋಹಿನಿ ಗಂಡನನ್ನು ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಾಜೇಂದ್ರನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

“ಚೀಲ ಯಾವ ಕಂಪನೀದಾದ್ರೂ ಇರ್ಲಿ ರಾಜೇಂದ್ರ ಅವ್ರೇ, ಅದಕ್ಕೇನು” ಎಂದರು ಸ್ವರೂಪ್. “ಮನೆಯವರು ಕಟ್ಟಿಕೊಟ್ಟಿದ್ದನ್ನೇ ನನ್ನದಲ್ಲ ಅಂದ್ರಿ. ನಾಳೆ ಯಾರ ಗದ್ದೇಲಾದ್ರೂ ಪೈರು ಏಳಲಿಲ್ಲ ಅಂದ್ರೆ, ನಮ್ಮ ಗೊಬ್ಬರಾನೂ ನಾನು ಮಾರಿದ್ದಲ್ಲ ಅಂತೀರಿ.”

ಏಜೆನ್ಸಿ ಹೊನ್ನಯ್ಯನಿಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜೇಂದ್ರನಿಗೆ ತಟ್ಟಲು ಕೈ ಖಾಲಿ ಇರಲಿಲ್ಲ.

ಹೊರಗಿನ ಆಹಾರ ಹಡಗಿಗೆ ಬಿಡುವುದಿಲ್ಲವೆಂದು ಕಾವಲಿನವನು ಚೀಲವನ್ನು ತೆಗೆದಿಟ್ಟುಕೊಂಡ. ಕೋಲನ್ನು ತಿರುಗಿಸಿ ನೋಡಿ, ಇದು ತಿನ್ನುವ ವಸ್ತುವಲ್ಲ ಎಂದು ಹಿಂದಕ್ಕೆ ಕೊಟ್ಟ. ಸೂಟ್‌ಕೇಸು ಆಗಲೇ ಒಳಗೆ ಹೋಗಿತ್ತು. ಹೀಗೆ ಕೊರಳಲ್ಲಿ ಹಾರ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಮುದ್ದೆ ಕೋಲು ಹಿಡಿದು ಹಡಗಿನೆದುರು ನಿಂತ ರಾಜೇಂದ್ರನ ಫೋಟೊ ತೆಗೆದರು. ಹಡಗು ಬಿಡುವ ಮೊದಲೇ ಅದು ಯಾರ್ಯಾರದೋ ಮೊಬೈಲು ದಾಟಿಕೊಂಡು ಪೂರಿಗಾಲಿ ತಲುಪಿತು.

ಸಣ್ಣತಾಯಮ್ಮನ ಫೋನು ಬಂತು. ಮೋಹಿನಿ ಅದನ್ನು ಗಂಡನ ಕಿವಿಗೆ ಹಿಡಿದಳು.

“ನಮ್ ಚೀಲ ಇಡ್ಕಂಡ್ ಓಗಾಕೆ ನಾಚ್ಕತೀಯೇನೋ ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ ಕಣಪ್ಪ” ಎಂದಳು ಅತ್ತೆ. “ಅಷ್ಟ್ ಜನದ್ ಎದುರ್ಗೆ ನಮ್ ಕೋಲ ಕೈಲಿ ಇಡ್ಕಂಡು ನಿಂತಿದ್ದೀಯಲ್ಲಪ್ಪ, ಊರೋರ್ಗೆಲ್ಲಾ ತೋರುಸ್ದೆ. ನೀನು ದೇವ್ರಂತ ಅಳಿಯ. ಬರೋ ವರ್ಸಕ್ಕೆ ಎಲ್ಡ್ ಚೀಲ ಕಟ್ಟಿಕೊಡ್ತೀನಿ.”

ರಾಜೇಂದ್ರ ಹೂಂ ಎಂದ. ಆಮೇಲೆ ಕನ್ನಡಕ ತೆಗೆಯದೆ ಹಡಗು ಹತ್ತಿದ.