ಸಾಕ್ಷಿಗೆ ಬಂದ ಜಯಪ್ಪ

ಪರಮೇಶ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಆದರೂ ಅವನ ಕಣ್ಣು ಹಳದಿಯಾದಾಗ ಭದ್ರಾವತಿಯ ಕ್ವಾರ್ಟರ್ಸ್ ಸಾಲಿನಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅವನು ಕುಡುಕನೆಂಬ ಸುದ್ದಿಯನ್ನು ಪಕ್ಕದ ಮನೆಯ ಜಯಪ್ಪ ವರ್ಷಗಳ ಹಿಂದೆಯೇ ಹಬ್ಬಿಸಿದ್ದ. ಜಯಪ್ಪನ ಹೆಂಡತಿ ಚೌಡಮ್ಮನಂತೂ ಪರಮೇಶನನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಲಿವರ್ ಕೆಟ್ಟಿತ್ತು; ಬೇರೆ ಲಿವರ್ ಹಾಕಿಸುವ ಶಕ್ತಿ ಪರಮೇಶನಿಗಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ, ಸೊಂಟದ ಮೂಳೆಯೊಳಗಿಂದ ಜೀವಕೋಶ ತೆಗೆದು ಲಿವರಿಗೆ ಬಿಡುತ್ತಾರೆ, ಒಂದೇ ಜಾಗ ಉಳಿದಿದೆ ಎಂದು ಕೇಳಿ ಹೊರಟ. ಆಸ್ಪತ್ರೆಗೆ ಯಾರೂ ಒಂಟಿಯಾಗಿ ಹೋಗಬಾರದೆಂಬುದು ಸಾಲಿನ ಪದ್ಧತಿ. ಹೆಂಡತಿ ವೀಣಾ ಜ್ವರದಲ್ಲಿ ಮಲಗಿದ್ದಳು. ಕರೆಯದೆಯೇ ಜಯಪ್ಪ ಮದುವೆಗೆ ಹೊರಟವನಂತೆ ಸೆಂಟು ಬಳಿದು, ಏಲಕ್ಕಿ ಜಗಿಯುತ್ತ ಬಾಗಿಲಲ್ಲಿ ನಿಂತ.

"ಸ್ವಲ್ಪ ಜಾಗ ಬಿಡ್ರಪ್ಪ, ಪೇಶೆಂಟು. ಎಣ್ಣೆ ಹಾಕಿ ಹಾಕಿ ಲಿವರ್ ಹೋಗಿದೆ" ಎಂದು ಬಸ್ಸು ಹತ್ತುತ್ತಲೇ ಜಯಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ.

ಸೀಟು ಸಿಕ್ಕಿತು, ಜೊತೆಗೆ ಊರೂರಿನ ಬುದ್ಧಿಮಾತೂ ಸಿಕ್ಕಿತು. ಪಕ್ಕದಲ್ಲಿದ್ದ ಹೊಳಲೂರಿನ ಮುದುಕಿ ತನ್ನ ಚೀಲದ ಕೊಬ್ಬರಿಎಣ್ಣೆಯನ್ನೂ ಇವನು ಕುಡಿದಾನೆಂಬಂತೆ ಆಚೆಗೆ ಎಳೆದುಕೊಂಡಳು.

ಇಳಿದ ಕೂಡಲೇ ಪರಮೇಶ ಜಯಪ್ಪನ ಕೈ ಹಿಡಿದ. "ನೋಡು ಮಾರಾಯ, ಒಳಗೆ ಹೀಗಂದ್ರೆ ನನ್ನ ಅಟ್ಟಿಬಿಡ್ತಾರೆ. ನನ್ನ ಜೀವದ ಪ್ರಶ್ನೆ. ಡಾಕ್ಟ್ರ ಮುಂದೆ ನಿಜಾನೇ ಹೇಳ್ತೀನಿ ಅಂತ ಆಣೆ ಮಾಡು."

ಜಯಪ್ಪ ಯಾಕೋ ಮೆತ್ತಗಾದ. ಮನೆದೇವರ ಹೆಸರಿನಲ್ಲಿ ಆಣೆ ಮಾಡಿದ.

ಡಾಕ್ಟರ್ ದೀಪಶ್ರೀ ರಿಪೋರ್ಟು ತಿರುವಿ, ಎಷ್ಟು ವರ್ಷದಿಂದ ಕುಡಿತ ಎಂದರು. ಪರಮೇಶ ಎದೆಯುಬ್ಬಿಸಿ, ಒಂದು ಹನಿಯೂ ಇಲ್ಲ ಎಂದ. ಅವರು ಪೆನ್ನು ಕೆಳಗಿಟ್ಟರು. ಈ ಪ್ರಯೋಗ ಕುಡಿತದಿಂದ ಕೆಟ್ಟ ಲಿವರಿಗೆ ಮಾತ್ರ ಎಂದು ಬೇಸರದಿಂದಲೇ ಹೇಳಿದರು.

ಜೀವನದಲ್ಲಿ ಮೊದಲ ಸಲ ಪರಮೇಶನಿಗೆ ಆ ಅಪವಾದ ಬೇಕಾಯಿತು.

"ಸುಳ್ಳು ಹೇಳ್ದೆ ಮೇಡಂ. ದಿನಾ ಕುಡೀತಿದ್ದೆ. ಬೇಕಾದ್ರೆ ಇವನ್ನೇ ಕೇಳಿ."

ಜಯಪ್ಪ ಕೋರ್ಟಿನಲ್ಲಿ ನಿಂತವನಂತೆ ಕೈಮುಗಿದ.

"ಇಲ್ಲ ಮೇಡಂ, ಆಣೆ ಮಾಡಿದೀನಿ. ಇವನು ಅಪ್ಪಟ ಬಂಗಾರ. ಕುಡಿಯೋನು ನಾನು. ಬಾಯಿ ವಾಸನೆ ಬಂದಾಗೆಲ್ಲ ಪರಮೇಶನ ಜೊತೆ ಕೂತಿದ್ದೆ, ಅವನದೇ ವಾಸನೆ ಅಂತ ಹೆಂಡ್ತಿಗೆ ಹೇಳ್ತಿದ್ದೆ."

ಡಾಕ್ಟರು ಮೊದಲ ಬಾರಿಗೆ ಜಯಪ್ಪನ ಮುಖ ನೋಡಿದರು. ಕಣ್ಣಿನ ರೆಪ್ಪೆ ಎಳೆದರು, ಹೊಟ್ಟೆ ಒತ್ತಿದರು, ರಕ್ತಕ್ಕೂ ಸ್ಕ್ಯಾನಿಗೂ ಕಳಿಸಿದರು. ಪರಮೇಶ ಅವನ ಅಂಗಿ, ಚಪ್ಪಲಿ ಹಿಡಿದು ಹೊರಗೆ ಕಾದ. ಸಂಜೆಯ ಹೊತ್ತಿಗೆ, ಇವತ್ತಿನಿಂದಲೇ ಕುಡಿತ ಬಿಡಬೇಕೆಂಬ ಷರತ್ತಿನ ಮೇಲೆ, ಉಳಿದಿದ್ದ ಆ ಒಂದು ಜಾಗ ಜಯಪ್ಪನದಾಗಿತ್ತು.

ವಾಪಸು ಬರುವಾಗ, ಮನೆ ಹತ್ತಿರವಾದಾಗ ಜಯಪ್ಪ ಮೆಲ್ಲಗೆ, "ಚೌಡಿಗೆ ಗೊತ್ತಾದ್ರೆ ಕೊಂದೇಬಿಡ್ತಾಳೆ. ಜಾಗ ನಿಂಗೇ ಸಿಕ್ತು ಅಂತ ಹೇಳಿಬಿಡ್ಲಾ?" ಎಂದ. ಪರಮೇಶ ಬೇಡ ಎನ್ನುವಷ್ಟರಲ್ಲಿ ಜಯಪ್ಪ ತನ್ನ ಮನೆಯ ಬಾಗಿಲು ತಟ್ಟಿಯಾಗಿತ್ತು.

ಸುದ್ದಿ ಕೇಳಿ ಚೌಡಮ್ಮ ಮೂಗಿನಿಂದ ಸೆರಗು ತೆಗೆದಳು.

"ದೇವರು ಕಣ್ಬಿಟ್ಟ. ಇನ್ನಾದ್ರೂ ಕುಡಿಯೋದು ಬಿಡಪ್ಪ, ನಮ್ಮನೆಯೋರನ್ನೂ ಕೆಡಿಸ್ಬೇಡ. ಆಸ್ಪತ್ರೆಗೆ ಮಾತ್ರ ಪ್ರತಿ ಸಲಾನೂ ಅವರನ್ನೇ ಕರ್ಕೊಂಡು ಹೋಗು."

ಪರಮೇಶ ತನ್ನ ಮನೆಯ ಬಾಗಿಲು ತಳ್ಳಿದ. ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ವೀಣಾ, ಜ್ವರದಲ್ಲೇ ಎದ್ದು ದೇವರಿಗೆ ದೀಪ ಹಚ್ಚುತ್ತಿದ್ದಳು.