ಹುಲ್ಲಿನಲ್ಲಿ ಬೆಳೆದ ಕಬ್ಬಿಣ

ನಮ್ಮ ಸೋದರಮಾವನಿಗೆ ಕಬ್ಬಿಣ ಬೆಳೆಯಲು ಬರುತ್ತದೆ! ಕಪ್ಪತಗುಡ್ಡದಲ್ಲಿ ಬಂಗಾರವಿದೆಯೆಂದು ಜನ ಬಾಯಿ ಚಪ್ಪರಿಸುತ್ತಾರಲ್ಲ, ಅಂಥ ಗಾಳಿಮಾತಲ್ಲ ಇದು. ಬೆಟಗೇರಿಯ ಮನೆಯ ಮಗ್ಗದ ಕೋಣೆಯಲ್ಲಿ, ಭತ್ತದ ಹುಲ್ಲಿನಲ್ಲಿ ಬೆಳೆಯುತ್ತಾನೆ. ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಅತ್ತೆಗೆ ರಕ್ತ ಕಡಿಮೆ. ನಾಲ್ಕು ಮೆಟ್ಟಿಲು ಹತ್ತಿದರೆ ತಲೆ ಸುತ್ತಿ ಕೂತುಬಿಡುತ್ತಿದ್ದಳು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅತ್ತೆ ಒಂದು ನುಂಗಿ, ಹೊಟ್ಟೆಯಲ್ಲಿದ್ದ ರೊಟ್ಟಿಯನ್ನೂ ಕೂಡಿಸಿ ಹೊರಗೆ ಹಾಕಿದಳು. "ಸತ್ರೂ ಚಿಂತಿಲ್ಲ, ಆ ಗುಳಿಗಿ ಒಲ್ಲೆ" ಎಂದು ಕುಳಿತಳು. ಹೀಗೇ ಬಿಟ್ಟರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಹೆದರಿಸಿದಾಗ ಮಾವನಿಗೆ ಅನ್ನ ಸೇರದಾಯಿತು.

ಆಗಲೇ ಮಾವ ಎಲ್ಲೋ ಅಣಬೆ ತರಬೇತಿಗೆ ಹೋಗಿಬಂದ. ಹುಲ್ಲಿಗೆ ಕಬ್ಬಿಣ, ಸತುವಿನ ಅಂಶವಿರುವ ನೀರುಣಿಸಿದರೆ ಅಣಬೆ ಅದನ್ನು ಹೀರಿಕೊಳ್ಳುತ್ತದಂತೆ. ಒಣಗಿಸಿ ಪುಡಿ ಮಾಡಿದರೆ ಊಟದಲ್ಲೇ ಔಷಧಿ!

"ಕಬ್ಬಿಣ ಅಣಬಿ ತಿಂತೈತಿ, ಅಣಬಿ ನಿಮ್ಮತ್ತಿ ತಿಂತಾಳ. ಮುಗೀತು!" ಎಂದ.

ಮುಗಿದದ್ದು ನಮ್ಮೆಲ್ಲರ ನೆಮ್ಮದಿ. ನಾನಿರುವುದು ಮುಂಡರಗಿಯಲ್ಲಿ. ಹತ್ತಿರದ ಕೊರ್ಲಹಳ್ಳಿಯ ಹೊಳೆದಂಡೆಯ ಭತ್ತದ ಹುಲ್ಲೇ ಆಗಬೇಕೆಂದು ಅಪ್ಪಣೆಯಾಯಿತು. ದೊಡ್ಡ ಹೊರೆ ಹೊತ್ತು ಬಸ್ ಹತ್ತಿದೆ. ಕಂಡಕ್ಟರು ನನ್ನನ್ನೂ ಹೊರೆಯನ್ನೂ ನೋಡಿ, "ಅಕ್ಕಾರ, ಎಮ್ಮಿ ಮುಂದಿನ ಬಸ್ಸಿಗೆ ಬರತೈತೇನ್ರಿ?" ಎಂದು ಕೇಳಿದ. ಗದಗ ಬರುವತನಕ ಇಡೀ ಬಸ್ಸು ನಕ್ಕಿತು.

ಮಾವನದು ನೇಕಾರರ ಮನೆ ನೋಡಿ, ನೂಲು ಹರಿಯಬಾರದೆಂದು ಮಗ್ಗದ ಕೋಣೆಯನ್ನು ತಂಪಾಗಿಯೇ ಇಟ್ಟಿರುತ್ತಾರೆ. ಅಣಬೆಗೂ ಅದೇ ಬೇಕು. ನಿಂತುಹೋಗಿದ್ದ ಮಗ್ಗದ ಮೇಲೆ, ನೇಯುವಾಗ ಕಾಲಿಳಿಬಿಟ್ಟು ಆಡಿಸುವ ಕುಣಿಯ ಸುತ್ತ ಹುಲ್ಲಿನ ಚೀಲಗಳು ತೂಗಾಡಿದವು. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೇ? ಗಂಜಿ ಕುಡಿಸದೆ ಒಂದೆಳೆ ನೂಲನ್ನೂ ಮಗ್ಗಕ್ಕೇರಿಸಿದವನಲ್ಲ ನಮ್ಮ ಮಾವ. ಬೇಯಿಸಿದ ಹುಲ್ಲಿಗೂ ಗಂಜಿ ಕುಡಿಸಿಬಿಟ್ಟ!

"ಸ್ವಲ್ಪ ಬಿಗಿ ಬರಲಿ ಅಂತ" ಅನ್ನುವುದು ಅವನ ಸಮಜಾಯಿಷಿ.

ಕೆಲವೇ ದಿನಗಳಲ್ಲಿ ಚೀಲಗಳ ತುಂಬ ಹಸಿರು ಬೂಷ್ಟು. ಅತ್ತೆ ಬಾಗಿಲಲ್ಲಿ ನಿಂತು, "ಬಣ್ಣ ಭಾರಿ ಕುಂತೈತ್ರಿ. ಸೀರಿ ಅಂಚಿಗೆ ಹೊಂದತೈತಿ" ಎಂದಳು.

ಎಲ್ಲವನ್ನೂ ಎಸೆದು ಮತ್ತೆ ಶುರುಮಾಡಿದ. ಈ ಸಲ ಕಾಯಿದೆ ಬಿಗಿಯಾಯಿತು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಊದಿನಕಡ್ಡಿ ಹಚ್ಚುವಂತಿಲ್ಲ. ಕಡೆಗೆ ಒಗ್ಗರಣೆಗೂ ಬಂತು ಕುತ್ತು!

"ಮೆಣಸಿನಕಾಯಿ ಘಾಟಿಗೆ ಅಣಬಿಗೆ ತ್ರಾಸ ಆಗತೈತಿ."

"ಇಷ್ಟು ವರ್ಷ ನಾ ಕೆಮ್ಮೀನಿ, ಒಂದ ದಿನಾನೂ ಒಲಿ ಆರಸಲಿಲ್ಲಲ್ರಿ ನೀವು!"

ಅಂತೂ ಅಣಬೆ ಬಂತು. ಬೆಳ್ಳಗೆ, ಗೊಂಚಲು ಗೊಂಚಲು. ಮಾವ ಬುಟ್ಟಿಯಲ್ಲಿ ತಂದು ಮುಂದಿಟ್ಟರೆ ಅತ್ತೆ ಮೂಗಿಗೆ ಸೆರಗು ಹಿಡಿದಳು.

"ತಿಪ್ಪಿ ಮ್ಯಾಲ ಏಳೂದನ್ನ ಮನ್ಯಾಗ ಬೇಯಸಬೇಕೇನ್ರಿ?"

"ತಿಪ್ಪೀದಲ್ಲ! ನಮ್ಮ ಮಗ್ಗದ ಮ್ಯಾಲ ಬೆಳದದ್ದು!"

"ಹಂಗಾರ ಉಟಗೋತೀನಿ, ತಿನ್ನೂದಿಲ್ಲ."

ಮಾವ ಸೋಲಲಿಲ್ಲ. ಒಣಗಿಸಿದ, ಪುಡಿ ಮಾಡಿದ, ಸಣ್ಣ ಹುಡುಗನಂತೆ ಗೋಗರೆದ. ಕೊನೆಗೆ ಅತ್ತೆ, "ಆತು, ಶೇಂಗಾ ಚಟ್ನ್ಯಾಗ ಕೂಡಸ್ತೀನಿ, ಜೀವಾ ತಿನ್ನಬ್ಯಾಡ್ರಿ" ಎಂದು ಒಪ್ಪಿದಳು. ಅಂದಿನಿಂದ ದಿನಾ ಊಟದ ಹೊತ್ತಿಗೆ ಮಾವನೇ ಪುಡಿಯನ್ನು ಚಮಚದಲ್ಲಿ ಅಳೆದು ಅವಳ ಕೈಗೆ ಕೊಡತೊಡಗಿದ.

ಮೊನ್ನೆ ರಕ್ತ ಪರೀಕ್ಷೆಯಾಯಿತು. ರಕ್ತ ಏರಿದೆ! ಮಾವ ಓಣಿಯ ಮನೆಮನೆಗೂ ಹೋಗಿ, "ಇದನ್ನ ತಿಂದ್ರ ಕಬ್ಬಿಣದ ಕಡ್ಲಿ ಸುದ್ದಾ ಪಚನ ಆಗತಾವ್ರಿ" ಎಂದು ಅಣಬೆ ಹಂಚಿದ. ಖಬರು ಕೇಳಿ ಓಡಿಹೋದ ನಾನು, ಮಾವನನ್ನು ಬಾಯ್ತುಂಬ ಹೊಗಳಿ ಅಡುಗೆಮನೆಗೆ ಹೋದರೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನೀನೂ ನಂಬಿದೆ? ಆ ಪುಡಿ ನನ್ನ ಚಟ್ನ್ಯಾಗ ಎಲ್ಲೈತಿ, ದಿನಾ ಅವರ ಚಟ್ನ್ಯಾಗ ಹಾಕೀನಿ. ನೋಡ, ಗಲ್ಲ ಹೆಂಗ ಕೆಂಪಗಾಗ್ಯಾವ!"

"ಮತ್ತ ನಿನ್ನ ರಕ್ತ ಹೆಂಗ ಏರಿತು ಅತ್ತಿ?"

ಅತ್ತೆ ಬೇಳೆ ಡಬ್ಬಿಯಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದಳು. ಮುಕ್ಕಾಲು ಖಾಲಿ.

"ವಾಂತಿ ಆಗಲಿಲ್ಲೇನ?"

"ಈಗೂ ಹೊಟ್ಟಿ ತೊಳಸತೈತಿ. ತಡಕೋತೀನಿ." ದನಿ ತಗ್ಗಿಸಿದಳು. "ಒಂದ ದಿನ ಚಹಾ ಕೊಡಾಕ ಹೋದ್ರ, ಕುಣ್ಯಾಗ ಕಾಲ ಬಿಟಗೊಂಡು ಕುಂತು ಆ ಚೀಲಕ್ಕ ಕೈ ಮುಗೀತಿದ್ರು. 'ಜಲ್ದಿ ಬೆಳೀರ್ಯೋ, ಆಕಿ ಇಲ್ಲದ ನನಗ ಆಗೂದಿಲ್ಲ' ಅಂತ ಅಳತಿದ್ರವ್ವಾ. ನನ್ನ ಸಲುವಾಗಿ ಒಬ್ಬ ಮನಶ್ಯಾ ಇಷ್ಟ ಹುಚ್ಚ ಆದ್ರ, ನನಗ ಒಂದು ಗುಳಿಗಿ ನುಂಗಾಕ ಆಗೂದಿಲ್ಲೇನ?"

ಅಷ್ಟರಲ್ಲಿ ಮಗ್ಗದ ಕೋಣೆಯಿಂದ ಮಾವನ ಕೂಗು:

"ಕೇಳಿದೇನ! ನಾಳಿಂದ ಪುಡಿ ಇನ್ನೊಂದು ಚಮಚಾ ಜಾಸ್ತಿ ಕೊಡ್ಲೇನ?"

ಅತ್ತೆ ಕಣ್ಣೊರೆಸಿಕೊಂಡು, ಪಟ್ಟಿಯನ್ನು ಬೇಳೆಯೊಳಗೆ ಹುಗಿದು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಕೊಡ್ರಿ. ಭಾಳ ರುಚಿ ಐತಿ!"